ಬಿಡುವಿಲ್ಲದ ಚಳಿಗಾಲದ ದಿನ, ಕೊನೆಗೆ ಫ್ರಾಸ್ಟ್ ಬಿದ್ದ ದಾರಿಯಲ್ಲಿ ಮುಸ್ಸಂಜೆಯ ನಡಿಗೆ: ನನ್ನ ಅನುಭವ

ಹೊರಗಿನ ಕೆಲಸ ಮುಗಿದ ಮೇಲೆ ನಾನು ಮಾಡುವ ಮೊದಲ ಪರೀಕ್ಷೆ ಇದು: ಒಳಂಗಿಯನ್ನು ಬೆನ್ನಿನ ಕಡೆ, ಸೊಂಟಕ್ಕಿಂತ ಒಂದು ಗೇಣು ಮೇಲೆ, ಅಂಗೈಯಿಂದ ಒತ್ತಿ ನೋಡುವುದು. ತಣ್ಣಗೆ ಅಂಟಿಕೊಂಡರೆ ಅದನ್ನು ಬಿಚ್ಚಿ, ಮೈ ಒರೆಸಿ, ಒಣಗಿದ್ದನ್ನು ಹಾಕಿಕೊಳ್ಳದೆ ನಡಿಗೆಗೆ ಹೊರಡುವುದಿಲ್ಲ. ಸೊನ್ನೆ ಡಿಗ್ರಿಯ ಆಸುಪಾಸಿನ ಸಂಜೆಯಲ್ಲಿ ನಡಿಗೆ ಕೆಡುವುದು ಬಹುಪಾಲು ಇಲ್ಲೇ. ಮೇಲೆ ಎಷ್ಟೇ ದಪ್ಪ ಜಾಕೆಟ್ ಹೇರಿಕೊಂಡರೂ ಒಳಗಿನ ಒದ್ದೆ ಬಟ್ಟೆ ಮೈಶಾಖವನ್ನು ಹೀರುತ್ತಲೇ ಇರುತ್ತದೆ; ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ಸಂಜೆಯ ಒಂದು ಗಂಟೆ ಸುಖವಾಗಿರಬೇಕಾದರೆ ಬೆಳಿಗ್ಗೆಯಿಂದ ಯಾವ ಕೆಲಸವನ್ನು ಯಾವ ಹೊತ್ತಿಗೆ ಮಾಡಿದೆವು, ಎಷ್ಟು ಬೆವರಿದೆವು ಎನ್ನುವುದರ ಲೆಕ್ಕ ಇರಬೇಕು.

ಪದದ ವಿಷಯ ಒಂದು ಮಾತು. ನಮ್ಮ ಭಾಷೆಯಲ್ಲಿ ಬೆಳಗಿನ ಮಬ್ಬೂ ಮಂಜು, ಹುಲ್ಲಿನ ಮೇಲಿನ ಹನಿಯೂ ಮಂಜು, ಆಕಾಶದಿಂದ ಉದುರುವುದೂ ಮಂಜು. ಮಾತಿಗೆ ಅಡ್ಡಿಯಿಲ್ಲ, ಕಾಲಿಗೆ ಮಾತ್ರ ಇವು ಬೇರೆ ಬೇರೆ. ಫ್ರಾಸ್ಟ್ ಎಂದರೆ ಗಾಳಿಯಲ್ಲಿರುವ ನೀರಾವಿ, ಸೊನ್ನೆಗಿಂತ ತಣ್ಣಗಾದ ವಸ್ತುವಿನ ಮೇಲೆ, ನಡುವೆ ನೀರಾಗದೆ ನೇರ ಹರಳಾಗಿ ಕೂರುವುದು. ಬೆಳ್ಳಗೆ, ಸೂಜಿಸೂಜಿಯಾಗಿ, ಉಗುರಿನಿಂದ ಕೆರೆದರೆ ಪುಡಿಪುಡಿ. ಇಬ್ಬನಿ ಮೊದಲು ಹನಿಯಾಗಿ ಕೂತು ಆಮೇಲೆ ಹೆಪ್ಪುಗಟ್ಟಿದರೆ ಅದು ಗಾಜಿನ ಮಣಿಯಂತೆ ಗಟ್ಟಿ, ಕೆರೆದರೂ ಬರುವುದಿಲ್ಲ. ಮೂರನೆಯದು ಬ್ಲ್ಯಾಕ್ ಐಸ್: ನೆಲದ ಮೇಲೆ ಹರಿದ ನೀರು ತೆಳ್ಳಗೆ ಗಡ್ಡೆಕಟ್ಟಿ, ಅಡಿಯ ಡಾಂಬರಿನ ಬಣ್ಣವನ್ನೇ ತೋರಿಸುವ ಪದರ. ಮೊದಲನೆಯದರ ಮೇಲೆ ಮಣ್ಣುದಾರಿಯಲ್ಲಿ ನಿಶ್ಚಿಂತೆಯಾಗಿ ನಡೆಯಬಹುದು. ಎರಡನೆಯದಕ್ಕೆ ಜಾಗ್ರತೆ ಬೇಕು. ಮೂರನೆಯದನ್ನು ಸುತ್ತಿಕೊಂಡು ಹೋಗಬೇಕು.

ದಿನದ ಲೆಕ್ಕವನ್ನು ನಾನು ಸೂರ್ಯಾಸ್ತದಿಂದ ಹಿಂದಕ್ಕೆ ಹಾಕುತ್ತೇನೆ. ಸೂರ್ಯ ಮುಳುಗುವುದು 4:30ಕ್ಕೆ ಎಂದುಕೊಳ್ಳಿ. 4:05ಕ್ಕೆ ಬಾಗಿಲು ದಾಟಬೇಕು. 3:35ಕ್ಕೆ ಬಟ್ಟೆ ಬದಲಾಯಿಸುವುದು. 3 ಗಂಟೆಯ ಒಳಗೆ ಗಿಡಗಳ ಹೊದಿಕೆ, ಮೆಟ್ಟಿಲಿನ ಉಪ್ಪು ಎರಡೂ ಮುಗಿದಿರಬೇಕು. ಬೆವರು ಬರಿಸುವ ಕೆಲಸವೇನಿದ್ದರೂ 11ರಿಂದ 2ರ ನಡುವೆ. ದಿನದ ಅತಿ ತಣ್ಣನೆಯ ಹೊತ್ತು ನಡುರಾತ್ರಿಯಲ್ಲಿ ಬರುವುದಿಲ್ಲ, ಸೂರ್ಯ ಹುಟ್ಟುವ ಆಸುಪಾಸಿನಲ್ಲಿ ಬರುತ್ತದೆ. ಆಗ ಸಲಿಕೆ ಹಿಡಿದು ಹೊರಗೆ ಹೋಗುವುದಕ್ಕಿಂತ ಮನೆಯೊಳಗಿನ ಕೆಲಸ ಮುಗಿಸಿಕೊಳ್ಳುವುದು ಲೇಸು.

40ರಿಂದ 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಸೂರ್ಯ ಅತಿ ಬೇಗ ಮುಳುಗುವ ದಿನ ಡಿಸೆಂಬರ್ 21 ಎಂದು ತುಂಬ ಜನ ತಿಳಿದಿದ್ದಾರೆ. ಹಗಲು ಅತಿ ಚಿಕ್ಕದಾಗಿರುವುದು ಆ ದಿನದ ಆಸುಪಾಸಿನಲ್ಲೇ, ನಿಜ. ಆದರೆ ಅತಿ ಬೇಗನೆ ಮುಳುಗುವುದು ಡಿಸೆಂಬರ್ 8ರಿಂದ 12ರ ಸುಮಾರಿಗೆ. 21ರ ಹೊತ್ತಿಗೆ ಸಂಜೆ ಆಗಲೇ ಕೆಲವು ನಿಮಿಷ ಹಿಗ್ಗಿರುತ್ತದೆ, ಬೆಳಗು ಮಾತ್ರ ಹೊಸ ವರ್ಷದ ಆಸುಪಾಸಿನವರೆಗೂ ತಡವಾಗುತ್ತಲೇ ಹೋಗುತ್ತದೆ. ಸಂಜೆ ನಡೆಯುವವರಿಗೆ ಇದು ಸಣ್ಣ ಲಾಭ. ಮುಳುಗಿದ ಮೇಲೆ ಉಳಿಯುವ ಬೆಳಕೂ ಎಲ್ಲೆಡೆ ಒಂದೇ ಅಲ್ಲ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವವರೆಗೆ ದೀಪವಿಲ್ಲದೆ ದಾರಿ ಕಾಣುತ್ತದೆ. ಈ ಅವಧಿ ಸಮಭಾಜಕದ ಬಳಿ 20 ನಿಮಿಷಕ್ಕಿಂತ ಸ್ವಲ್ಪ ಹೆಚ್ಚು, 50 ಡಿಗ್ರಿಯಲ್ಲಿ ಚಳಿಗಾಲಕ್ಕೆ 35ರಿಂದ 40 ನಿಮಿಷ, 60 ಡಿಗ್ರಿಯಲ್ಲಿ ಡಿಸೆಂಬರ್‌ನಲ್ಲಿ 50 ನಿಮಿಷ ದಾಟುತ್ತದೆ. ಸೂರ್ಯ ಮುಳುಗುವ ಗಳಿಗೆಗೆ ಸರಿಯಾಗಿ ತಿರುಗಿ ಹೊರಟರೆ ಈ ಬೆಳಕು ಮುಗಿಯುವುದರೊಳಗೆ ಮನೆ ಸೇರಬೇಕು ಎಂಬಂತೆ ದಾರಿಯ ಉದ್ದ ಗೊತ್ತುಮಾಡಿಕೊಳ್ಳುತ್ತೇನೆ. ಒಣ ನೆಲದಲ್ಲಿ ಗಂಟೆಗೆ ಐದು ಕಿಲೋಮೀಟರ್ ನಡೆಯುವವರು ಫ್ರಾಸ್ಟ್ ಬಿದ್ದಾಗ ಮೂರೂವರೆ ಎಂದು ಹಿಡಿದುಕೊಳ್ಳಿ. ಮರಳುವಾಗ ಹೋಗುವಾಗಿನದಕ್ಕಿಂತ ಜಾರುವುದು ಹೆಚ್ಚು, ಬೆಳಕು ಕಡಿಮೆ. ಆದ್ದರಿಂದ ಅರ್ಧ ಸಮಯಕ್ಕೆ ತಿರುಗುವ ಲೆಕ್ಕ ಇಲ್ಲಿ ಸರಿಹೋಗದು. ಸಮಯದ ಐದರಲ್ಲಿ ಎರಡು ಪಾಲು ಹೋಗುವುದಕ್ಕೆ, ಮೂರು ಪಾಲು ಬರುವುದಕ್ಕೆ.

ಹಗಲಿನ ಕೆಲಸಗಳಲ್ಲಿ ಹಿಮ ಎತ್ತುವುದು, ಸೌದೆ ಒಡೆಯುವುದು ಇವೆರಡೂ ಮೋಸದವು. ಮೊದಲ ಹತ್ತು ನಿಮಿಷ ಚಳಿ, ಆಮೇಲೆ ಇದ್ದಕ್ಕಿದ್ದಂತೆ ಬೆವರು. ಬೆವರು ಹಣೆಗೆ ಬರುವುದಕ್ಕೆ ಮೊದಲೇ ಬೆನ್ನಿಗೆ ಬಂದಿರುತ್ತದೆ. ಆದ್ದರಿಂದ ಕೆಲಸ ಹಿಡಿಯುವಾಗಲೇ ಒಂದು ಪದರ ಕಡಿಮೆ ಹಾಕಿಕೊಂಡು ಸ್ವಲ್ಪ ನಡುಗುತ್ತಲೇ ಶುರುಮಾಡಬೇಕು. ಕೈ ನಿಲ್ಲಿಸಿದ ತಕ್ಷಣ ಬಿಚ್ಚಿಟ್ಟದ್ದನ್ನು ಹಾಕಿಕೊಳ್ಳಬೇಕು, ಎರಡು ನಿಮಿಷ ಬಿಟ್ಟಲ್ಲ. ಸಲಿಕೆಯನ್ನು ಅರ್ಧ ಮಾತ್ರ ತುಂಬಿಸಿ, ಆದಷ್ಟೂ ಎತ್ತದೆ ತಳ್ಳುತ್ತೇನೆ. ಚಳಿಗೆ ರಕ್ತನಾಳಗಳು ಬಿಗಿಯಾಗಿ ರಕ್ತದೊತ್ತಡ ಏರಿರುತ್ತದೆ, ಅದರ ಮೇಲೆ ಉಸಿರು ಹಿಡಿದು ಭಾರ ಎತ್ತಿದರೆ ಹೃದಯಕ್ಕೆ ಎರಡು ಕಡೆಯಿಂದ ಹೊರೆ. ಹೃದಯದ ತೊಂದರೆ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದೇ ಸರಿ. ಇದರಲ್ಲಿ ಶೌರ್ಯ ತೋರಿಸಬೇಕಾದ್ದೇನೂ ಇಲ್ಲ.

ಮೆಟ್ಟಿಲು, ಬಾಗಿಲ ಮುಂದಿನ ದಾರಿ. ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಬಿಸಿನೀರು ಸುರಿಯುವುದು. ಮಂಜುಗಡ್ಡೆ ಕರಗುತ್ತದೆ, ಹೌದು. ಆ ನೀರು ಕೆಳಗಿನ ಮೆಟ್ಟಿಲಿಗೆ ಹರಿದು, ಸಂಜೆಯ ಹೊತ್ತಿಗೆ ಮೊದಲಿದ್ದುದಕ್ಕಿಂತ ನುಣುಪಾದ ಗಾಜಾಗಿ ಕೂರುತ್ತದೆ. ಗಡ್ಡೆಯನ್ನು ಮಧ್ಯಾಹ್ನ, ಬಿಸಿಲಿಗೆ ಅಂಚು ಸಡಿಲವಾದಾಗ ಕೆರೆದು ತೆಗೆದು, ಉಳಿದ ತೇವವನ್ನು ಪೊರಕೆಯಿಂದ ಗುಡಿಸಿ ನೆಲ ಒಣಗಲು ಬಿಡಬೇಕು. ಉಪ್ಪು ಹಾಕುವುದಾದರೆ ಚದರ ಮೀಟರಿಗೆ ಒಂದು ದೊಡ್ಡ ಚಮಚ, ಸುಮಾರು 15 ಗ್ರಾಂ ಸಾಕು. ಗಡ್ಡೆ ಕಟ್ಟುವ ಮೊದಲೇ ಹಾಕಿದರೆ ಇನ್ನೂ ಒಳ್ಳೆಯದು. ಲೆಕ್ಕದ ಪ್ರಕಾರ ಅಡುಗೆ ಉಪ್ಪಿನ ದ್ರಾವಣ ಸುಮಾರು -21 ಡಿಗ್ರಿವರೆಗೂ ಹೆಪ್ಪುಗಟ್ಟದೆ ಇರಬಲ್ಲದು, ಆದರೆ ಅಷ್ಟು ಗಾಢ ದ್ರಾವಣ ನೆಲದ ಮೇಲೆ ಆಗುವುದೇ ಇಲ್ಲ. -9, -10 ಡಿಗ್ರಿ ದಾಟಿತೆಂದರೆ ಉಪ್ಪು ಕೆಲಸ ಮಾಡುವುದು ತೀರಾ ನಿಧಾನ. ಆಗ ಒರಟು ಮರಳೇ ಗತಿ. ಮರಳು ಏನನ್ನೂ ಕರಗಿಸುವುದಿಲ್ಲ, ಕಾಲಿಗೆ ಹಿಡಿತ ಕೊಡುತ್ತದೆ, ಅಷ್ಟೇ. ಉಪ್ಪು ಗಿಡದ ಬೇರಿಗೂ ಕಾಂಕ್ರೀಟಿಗೂ ನಾಯಿಯ ಪಾದಕ್ಕೂ ಒಗ್ಗದ್ದರಿಂದ ನಾನು ಮೆಟ್ಟಿಲಿಗೆ ಮಾತ್ರ ಉಪ್ಪು, ಉಳಿದ ಕಡೆಗೆಲ್ಲ ಮರಳು ಬಳಸುತ್ತೇನೆ.

ಗಿಡಗಳ ಹೊದಿಕೆಯನ್ನು ಕತ್ತಲಾದ ಮೇಲೆ ಹಾಕಿದರೆ ಅರ್ಧ ಪ್ರಯೋಜನ ಹೋದಂತೆ. ಹೊದಿಕೆ ತಾನೇ ಬಿಸಿ ಕೊಡುವುದಿಲ್ಲ. ಹಗಲು ಮಣ್ಣು ಹೀರಿಕೊಂಡ ಶಾಖ ಮೇಲಕ್ಕೆ ಹಾರಿಹೋಗದಂತೆ ತಡೆಯುತ್ತದೆ. ಆದ್ದರಿಂದ ಬಿಸಿಲು ಇಳಿಯುವ ಮುಂಚೆಯೇ, ಬಟ್ಟೆಯ ಅಂಚು ನೆಲ ಮುಟ್ಟುವಂತೆ ಹೊದಿಸಿ ಸುತ್ತ ಕಲ್ಲಿಡಬೇಕು. ಕೊಡೆಯಂತೆ ಮೇಲೆ ಮಾತ್ರ ಕಟ್ಟಿ ಕೆಳಗೆ ತೆರೆದಿಟ್ಟರೆ ನೆಲದ ಶಾಖ ಬದಿಯಿಂದ ಸೋರಿಹೋಗುತ್ತದೆ. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಿದ ಕಡೆಯೆಲ್ಲ ಎಲೆ ಸುಟ್ಟಂತಾಗುತ್ತದೆ, ನಡುವೆ ಕಡ್ಡಿ ನೆಟ್ಟು ಎತ್ತರಿಸಿಕೊಳ್ಳಿ. ಒಣ ಮಣ್ಣಿಗಿಂತ ಹಸಿ ಮಣ್ಣು ಹೆಚ್ಚು ಶಾಖ ಹಿಡಿದಿಡುವುದರಿಂದ ಮಧ್ಯಾಹ್ನವೇ ಬುಡಕ್ಕೆ ಸ್ವಲ್ಪ ನೀರುಣಿಸಬಹುದು, ಎಲೆಗಲ್ಲ.

ಇವತ್ತು ಸಂಜೆ ಫ್ರಾಸ್ಟ್ ಬೀಳುತ್ತದೆಯೇ? ಹವಾಮಾನ ವರದಿಯಲ್ಲಿ 2 ಡಿಗ್ರಿ ಎಂದಿದೆ, ಹಾಗಾದರೆ ಬೀಳುವುದಿಲ್ಲ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ವರದಿಯ ಉಷ್ಣತೆ ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದ, ನೆರಳಿನ ಗಾಳಿಯದು. ಆಕಾಶ ತೆರೆದಿದ್ದು ಗಾಳಿ ನಿಂತಿದ್ದರೆ ಹುಲ್ಲಿನ ತುದಿ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ತಣ್ಣಗಿರಬಹುದು, ಏಕೆಂದರೆ ಅದು ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಸೂಸುತ್ತಿರುತ್ತದೆ. ಮೋಡವಿದ್ದರೆ ಅದರಲ್ಲಿ ಬಹುಪಾಲು ವಾಪಸು ಬರುತ್ತದೆ. ಗಾಳಿ ಬೀಸುತ್ತಿದ್ದರೆ ಮೇಲಿನ ಬೆಚ್ಚಗಿನ ಗಾಳಿ ಕೆಳಗಿನದರೊಂದಿಗೆ ಬೆರೆಯುತ್ತದೆ. ಹಾಗಾಗಿ ನಾನು ನೋಡುವುದು ನಾಲ್ಕು: ಮೂರು ಗಂಟೆಯ ಹೊತ್ತಿಗೆ ಆಕಾಶ ನಿರ್ಮಲವಾಗಿದೆಯೇ, ಹೊಗೆ ನೇರ ಮೇಲೇರುತ್ತಿದೆಯೇ, ಉಷ್ಣತೆ 4 ಡಿಗ್ರಿಯೊಳಗಿದೆಯೇ, ಇಬ್ಬನಿ ಬಿಂದು ಎಷ್ಟು. ಕೊನೆಯದೇ ಮುಖ್ಯ. ಗಾಳಿ ಎಷ್ಟು ತಣ್ಣಗಾದರೆ ಅದರಲ್ಲಿನ ಆವಿ ನೀರಾಗಲು ಶುರುವಾಗುತ್ತದೋ ಆ ಉಷ್ಣತೆ ಇಬ್ಬನಿ ಬಿಂದು. ಅದು ಸೊನ್ನೆಗಿಂತ ಕೆಳಗಿದ್ದರೆ ಬಿಳಿ ಫ್ರಾಸ್ಟ್. ಅದೇ 2 ಅಥವಾ 3 ಇದ್ದರೆ ಮೊದಲು ಇಬ್ಬನಿ ಬಿದ್ದು ಎಲ್ಲ ಒದ್ದೆಯಾಗುತ್ತದೆ, ಆವಿ ನೀರಾಗುವಾಗ ಬಿಡುವ ಶಾಖದಿಂದ ಉಷ್ಣತೆ ಇಳಿಯುವುದೂ ನಿಧಾನವಾಗುತ್ತದೆ, ಆಮೇಲೆ ತಡವಾಗಿ ಆ ನೀರೇ ಗಡ್ಡೆ ಕಟ್ಟುತ್ತದೆ. ಈ ಎರಡನೇ ಬಗೆಯ ಸಂಜೆ ನನಗೆ ಇಷ್ಟವಿಲ್ಲ. ಒಣಗಿದ -4 ಡಿಗ್ರಿಗಿಂತ ಒದ್ದೆಯಾದ +1 ಡಿಗ್ರಿಯಲ್ಲಿ ಮೈಗೆ ಹೆಚ್ಚು ಚಳಿ, ಕಾಲಿಗೆ ಹೆಚ್ಚು ಅಪಾಯ.

ಗಾಳಿ ಇದ್ದ ದಿನ ಫ್ರಾಸ್ಟ್ ಕಡಿಮೆ, ಆದರೆ ಮುಖಕ್ಕೆ ಹೊಡೆತ ಜಾಸ್ತಿ. -5 ಡಿಗ್ರಿಯಲ್ಲಿ ಗಂಟೆಗೆ 20 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸುಮಾರು -12 ಇದ್ದಂತೆ. ಅಂಥ ದಿನ ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಬೆನ್ನಿಗೆ ಹಾಕಿಕೊಂಡು ಬರಬೇಕು. ತಿರುವು ಮುರುವಾದರೆ ಬೆವರಿದ ಮೈಯಲ್ಲಿ, ದಣಿದ ಹೊತ್ತಿನಲ್ಲಿ, ಕತ್ತಲಲ್ಲಿ ಎದುರುಗಾಳಿ ಸಿಗುತ್ತದೆ.

ಬಟ್ಟೆ. 0ರಿಂದ -5 ಡಿಗ್ರಿ, ಗಾಳಿ ಇಲ್ಲ ಎಂದರೆ: ಮೈಗೆ ತಾಗುವಂತೆ ತೆಳ್ಳನೆಯ ಉಣ್ಣೆಯ ಅಥವಾ ಪಾಲಿಯೆಸ್ಟರ್ ಒಳಂಗಿ (ಉಣ್ಣೆಯಾದರೆ ಚದರ ಮೀಟರಿಗೆ 150ರಿಂದ 200 ಗ್ರಾಂ ತೂಕದ್ದು), ಅದರ ಮೇಲೆ ಸಾಧಾರಣ ದಪ್ಪದ ಫ್ಲೀಸ್ (ಉಣ್ಣೆಯಂತೆ ಮೆತ್ತಗಿರುವ ಕೃತಕ ಬಟ್ಟೆ), ಹೊರಗೆ ಗಾಳಿ ತಡೆಯುವ ತೆಳು ಜಾಕೆಟ್. ಇಷ್ಟೇ. ಹತ್ತಿ ಬನಿಯನ್ನು ಒಳಗೆ ಬೇಡ. ಬೆವರನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ಆವಿಯನ್ನು ಹೀರಿಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ. ಬಾಗಿಲು ದಾಟಿದಾಗ ಬೆಚ್ಚಗಿದ್ದರೆ ಬಟ್ಟೆ ಹೆಚ್ಚಾಗಿದೆ ಎಂದೇ ಅರ್ಥ. ಮೊದಲ ಹತ್ತು ನಿಮಿಷ ಸ್ವಲ್ಪ ಚಳಿ ಎನಿಸಬೇಕು, ಆಮೇಲೆ ಸರಿಹೋಗಬೇಕು. ಹತ್ತನೇ ನಿಮಿಷಕ್ಕೆ ಒಮ್ಮೆ ನಿಂತು ಕೊರಳ ಜಿಪ್ ತೆರೆಯುವುದೋ ಟೋಪಿ ತೆಗೆಯುವುದೋ ನಿರ್ಧರಿಸುತ್ತೇನೆ. ತುಪ್ಪಳ ತುಂಬಿದ ದಪ್ಪ ಜಾಕೆಟ್ ಮೈಮೇಲಲ್ಲ, ಚೀಲದಲ್ಲಿ. ಅದು ನಿಂತಾಗ ಮತ್ತು ಬಿದ್ದಾಗ ಬೇಕಾಗುವುದು.

ಕೈಗೆ ಬೆರಳುಬೆರಳಿನ ಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಗವಸು ಬೆಚ್ಚಗೆ. ಆದರೆ ಅದರಲ್ಲಿ ಜಿಪ್ ಹಾಕಲಾಗದು, ಲೇಸ್ ಕಟ್ಟಲಾಗದು. ತೆಳ್ಳನೆಯ ಗವಸಿನ ಮೇಲೆ ಅದನ್ನು ಹಾಕಿಕೊಂಡರೆ ಕೆಲಸದ ಹೊತ್ತಿಗೆ ಮೇಲಿನದನ್ನು ಮಾತ್ರ ತೆಗೆದರಾಯಿತು. ಪಾತ್ರೆಯೋ ಬಟ್ಟೆಯೋ ತೊಳೆದ ಕೈಯಲ್ಲಿ ನೇರವಾಗಿ ಹೊರಗೆ ಹೋಗಬೇಡಿ. ಪೂರ್ತಿ ಒಣಗಿಸಿ, ಬೆರಳ ಗೆಣ್ಣುಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಹತ್ತು ನಿಮಿಷ ಬಿಟ್ಟು ಗವಸು ಹಾಕಿ. ಚಳಿಗಾಲದಲ್ಲಿ ಗೆಣ್ಣು ಸೀಳುವುದು ಚಳಿಯಿಂದಷ್ಟೇ ಅಲ್ಲ, ಹೀಗೆ ಒದ್ದೆ ಮಾಡಿ ಒಣಗಿಸುವುದರಿಂದಲೂ.

ಕಾಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬೂಟಿನೊಳಗೆ ಎರಡು ದಪ್ಪ ಕಾಲುಚೀಲ ತುರುಕಿದರೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಬಿಗಿಯಾದಾಗ ಬೆರಳಿಗೆ ರಕ್ತ ಹರಿಯುವುದು ಕಡಿಮೆ, ಶಾಖ ತಡೆಯುವ ಗಾಳಿಯ ಪದರಕ್ಕೂ ಜಾಗವಿಲ್ಲ. ಬೂಟು ಹಾಕಿಕೊಂಡು ಹತ್ತೂ ಬೆರಳನ್ನು ಆಡಿಸಲು ಆಗಬೇಕು; ಆಗದಿದ್ದರೆ ತೆಳು ಚೀಲ ಹಾಕಿ. ಲೇಸನ್ನು ಪಾದದ ಮೇಲ್ಭಾಗದಲ್ಲಿ ಸಡಿಲ, ಹರಡಿನ ಬಳಿ ಬಿಗಿ. ಅಟ್ಟೆಯನ್ನು ಆರಿಸುವ ವಿಧಾನ ಸುಲಭ: ಬೂಟನ್ನು ರಾತ್ರಿ ಹೊರಗಿಟ್ಟು ಬೆಳಿಗ್ಗೆ ಅಟ್ಟೆಯನ್ನು ಹೆಬ್ಬೆರಳಿಂದ ಒತ್ತಿ. ಒಳಗೆ ತಗ್ಗಿದರೆ ಒಳ್ಳೆಯ ರಬ್ಬರು. ಕಲ್ಲಿನಂತಾಗಿದ್ದರೆ ಎಷ್ಟೇ ಆಳದ ಗೆರೆಗಳಿದ್ದರೂ ಗಡ್ಡೆಯ ಮೇಲೆ ಅದು ಸ್ಕೇಟಿಂಗ್ ಹಲಗೆ. ಇನ್ನು ಬೂಟಿನ ಮೇಲೆ ಎಳೆದು ಹಾಕುವ ಉಕ್ಕಿನ ಮುಳ್ಳುಪಟ್ಟಿ. ಗಡ್ಡೆಕಟ್ಟಿದ ದಾರಿಯಲ್ಲಿ ಇದಕ್ಕೆ ಸಮನಾದ್ದಿಲ್ಲ, ಆದರೆ ಬರಿಯ ಕಲ್ಲುಹಾಸು, ಟೈಲ್ಸ್ ಮೇಲೆ ಅದೇ ಜಾರಿಸುತ್ತದೆ. ಬಾಗಿಲ ಹೊರಗೆ ಕೂತು ಹಾಕಿಕೊಂಡು, ಒಳಗೆ ಬರುವ ಮೊದಲೇ ಬಿಚ್ಚಬೇಕು.

ಚೀಲದಲ್ಲಿ: ದಪ್ಪ ಜಾಕೆಟ್, ಒಂದು ಜೊತೆ ಒಣ ಗವಸು, ಒಂದು ಜೊತೆ ಕಾಲುಚೀಲ, ಹೆಡ್‌ಲ್ಯಾಂಪ್, ಇನ್ನೊಂದು ಸಣ್ಣ ಟಾರ್ಚ್, ಶೀಟಿ, ಅರ್ಧ ಲೀಟರ್ ಬಿಸಿನೀರಿನ ಫ್ಲಾಸ್ಕ್. ಫ್ಲಾಸ್ಕಿಗೆ ಮೊದಲು ಕುದಿಯುವ ನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ತುಂಬಿಸಿದರೆ ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಮೂತ್ರ ಮಾತ್ರ ಹೆಚ್ಚಾಗುತ್ತದೆ; ಹೊರಡುವ ಮುಂಚೆ ಒಂದು ಲೋಟ ಕುಡಿದೇ ಹೊರಡಿ. ಫೋನನ್ನು ಹೊರಜೇಬಿನಲ್ಲಿ ಇಡಬೇಡಿ. ಲಿಥಿಯಂ ಅಯಾನ್ ಬ್ಯಾಟರಿ ಚಳಿಗೆ ಮಂಕಾಗಿ, 40 ಶೇಕಡಾ ತೋರಿಸುತ್ತಿದ್ದದ್ದೇ ಆರಿಹೋಗಬಹುದು. ಒಳಜೇಬಿನ ಶಾಖಕ್ಕೆ ಮತ್ತೆ ಹತ್ತಿಕೊಳ್ಳುತ್ತದೆ. ಸಾಮಾನ್ಯ ಆಲ್ಕಲೈನ್ ಸೆಲ್ ಇನ್ನೂ ಬೇಗ ಸೋಲುತ್ತದೆ. ರೀಚಾರ್ಜ್ ಆಗದ ಲಿಥಿಯಂ ಸೆಲ್ ಚಳಿಗೆ ಚೆನ್ನಾಗಿ ನಿಲ್ಲುತ್ತದೆ, ಲ್ಯಾಂಪಿಗೆ ಅದು ಒಗ್ಗುತ್ತದೆಯೇ ನೋಡಿಕೊಂಡು ಹಾಕಿ.

ದಾರಿಗೆ ಇಳಿದ ಮೇಲೆ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ. ಕಾಲಡಿ ಕರಕರ ಎನ್ನುತ್ತಿದ್ದರೆ ಹರಳು ಮುರಿಯುತ್ತಿದೆ, ಹಿಡಿತ ಇದೆ. ಸದ್ದು ಇದ್ದಕ್ಕಿದ್ದಂತೆ ನಿಂತರೆ ಹೆಜ್ಜೆಯನ್ನೂ ನಿಲ್ಲಿಸಿ: ಕಾಲಡಿ ಒಣ ನೆಲವಿರಬಹುದು, ನುಣುಪು ಗಡ್ಡೆಯೂ ಇರಬಹುದು. ಕೋಲಿನ ತುದಿಯಿಂದ ಮುಂದೆ ತಟ್ಟಿದರೆ ಮಣ್ಣು ಮಂದವಾಗಿ ಕೇಳಿಸುತ್ತದೆ, ಗಡ್ಡೆ ಟಕ್ ಎನ್ನುತ್ತದೆ, ಟೊಳ್ಳು ಗಡ್ಡೆ ಗಾಜಿನ ತಟ್ಟೆಯಂತೆ ಸೀಳುತ್ತದೆ. ಕೋಲಿನ ರಬ್ಬರ್ ಟೋಪಿ ತೆಗೆದಿರಲಿ, ಉದ್ದ ಮೊಣಕೈ ಸರಿಕೋನಕ್ಕೆ ಬರುವಷ್ಟಿರಲಿ.

ಗಡ್ಡೆ ಎಲ್ಲಿರುತ್ತದೆ ಎಂಬುದು ಬಹುಮಟ್ಟಿಗೆ ಮೊದಲೇ ಊಹಿಸಬಹುದಾದದ್ದು. ಹಗಲು ಬಿಸಿಲು ಬಿದ್ದ ಇಳಿಜಾರಿನ ಬುಡ ಎಲ್ಲಕ್ಕಿಂತ ಕೆಟ್ಟ ಜಾಗ: ಮೇಲೆ ಕರಗಿದ್ದು ಹರಿದುಬಂದು, ದಾರಿಗೆ ಅಡ್ಡಲಾಗಿ ತೆಳ್ಳಗೆ ಹರಡಿ, ನೆರಳು ಬಿದ್ದ ಅರ್ಧ ಗಂಟೆಗೆಲ್ಲ ಬಿಗಿಯುತ್ತದೆ. ಸೂರು ತೊಟ್ಟಿಕ್ಕುವ ಸಾಲು, ಚರಂಡಿ ಉಕ್ಕುವ ಮೂಲೆ, ವಾಹನದ ಗಾಲಿ ಒತ್ತಿ ಹೊಳಪಿಸಿದ ಜಾಡು ಇವೂ ಹಾಗೆಯೇ. ಸೇತುವೆ ರಸ್ತೆಗಿಂತ ಮೊದಲು ಗಡ್ಡೆ ಕಟ್ಟುತ್ತದೆ, ಅದರ ಕೆಳಗೂ ತಣ್ಣನೆಯ ಗಾಳಿ, ನೆಲದ ಶಾಖದ ಆಸರೆ ಇಲ್ಲ. ಮರದ ಹಲಗೆಯ ಸೇತುವೆ, ಕಬ್ಬಿಣದ ಮುಚ್ಚಳ, ನೆನೆದ ತರಗೆಲೆ ಇವುಗಳ ಮೇಲೆ ಬಿಳಿ ಫ್ರಾಸ್ಟ್ ಕೂಡ ಜಾರಿಸುತ್ತದೆ. ಮಣ್ಣಿನಲ್ಲಿ ಜಾರದಿದ್ದದ್ದು ಇಲ್ಲೂ ಜಾರದು ಎಂದುಕೊಳ್ಳಬೇಡಿ. ಮುಸ್ಸಂಜೆಯಲ್ಲಿ ಒಂದು ಗುರುತು ತುಂಬ ಉಪಯೋಗಕ್ಕೆ ಬರುತ್ತದೆ: ಸುತ್ತಲೆಲ್ಲ ಬೆಳ್ಳಗಿರುವಾಗ ನಡುವೆ ಕಪ್ಪಗೆ ಹೊಳೆಯುವ ತೇಪೆ ಕಂಡರೆ ಅದು ಒದ್ದೆಯಲ್ಲ, ಗಡ್ಡೆ ಎಂದೇ ತಿಳಿಯಿರಿ. ಪಡುವಣದ ಬೆಳಕಿಗೆ ಎದುರಾಗಿ ನೋಡಿದರೆ ಅದು ಕನ್ನಡಿಯಂತೆ ಮಿಂಚುತ್ತದೆ, ಬೆಳಕು ಬೆನ್ನಿಗಿದ್ದರೆ ಕಾಣುವುದೇ ಇಲ್ಲ. ಸಂಜೆಯ ದಾರಿಯಲ್ಲಿ ಪೂರ್ವಕ್ಕೆ ಹೋಗುವ ತುಂಡು ಬಂದಾಗಲೆಲ್ಲ ನಾನು ನಿಧಾನಿಸುವುದು ಇದಕ್ಕೇ.

ಗಡ್ಡೆ ಸೊನ್ನೆಯ ಆಸುಪಾಸಿನಲ್ಲಿ ಅತಿ ಜಾರು, ಮೇಲೆ ನೀರಿನ ತೆಳು ಪೊರೆ ಇರುತ್ತದೆ. -15ರಲ್ಲಿ ಅದೇ ಗಡ್ಡೆ ಒರಟೆನಿಸುತ್ತದೆ. ದಾಟಲೇಬೇಕಾದಾಗ ಹೆಜ್ಜೆ ಅರ್ಧ ಮಾಡಿ, ಪಾದವನ್ನು ಚಪ್ಪಟೆಯಾಗಿ, ಹಿಮ್ಮಡಿ ಮೊದಲು ಊರದೆ, ಮೈಭಾರ ಮುಂದಿನ ಕಾಲಿನ ನೇರಕ್ಕೆ ಬಂದ ಮೇಲೆ ಮಾತ್ರ ಹಿಂದಿನದನ್ನು ಎತ್ತಬೇಕು. ಬಾತುಕೋಳಿ ನಡಿಗೆ, ನೋಡಿದವರು ನಗಲಿ. ಕೈ ಜೇಬಿನಲ್ಲಿರಬಾರದು. ಜಾರಿಯೇ ಹೋದರೆ ಕೈಯೂರಿ ತಡೆಯುವ ಆತುರ ಬೇಡ, ಮಣಿಕಟ್ಟು ಮುರಿಯುವುದು ಹಾಗೆಯೇ. ಮಂಡಿ ಮಡಚಿ, ಗದ್ದವನ್ನು ಎದೆಗೆ ಒತ್ತಿ, ತೊಡೆಯ ಪಕ್ಕದ ಮೇಲೆ ಕೂರುವಂತೆ ಬೀಳಬೇಕು.

ತಗ್ಗಿಗೆ ಇಳಿದಾಗ ಮೂಗಿಗೆ ಒಮ್ಮೆಲೇ ಚಳಿ ಇರಿಯುತ್ತದೆ. ತಣ್ಣನೆಯ ಗಾಳಿ ಭಾರ, ನೀರಿನಂತೆ ಹರಿದು ಹಳ್ಳದಲ್ಲಿ ತುಂಬಿಕೊಳ್ಳುತ್ತದೆ. ಇಪ್ಪತ್ತು ಮೂವತ್ತು ಮೀಟರ್ ಮೇಲೇರಿದರೆ ಮತ್ತೆ ಹಿತ. ಹೊಗೆ ಸ್ವಲ್ಪ ಮೇಲೇರಿ ಅಲ್ಲೇ ಅಡ್ಡಲಾಗಿ ಗೆರೆ ಎಳೆದಂತೆ ಹರಡಿದ್ದರೆ ಆ ತಣ್ಣನೆಯ ಕೆರೆಯ ಮೇಲ್ಮಟ್ಟ ಅದೇ. ಅಂಥ ಸಂಜೆ ದೂರದ ನಾಯಿಯ ಬೊಗಳು ಪಕ್ಕದಲ್ಲೇ ಕೇಳಿಸುತ್ತದೆ: ಮೇಲಿನ ಬೆಚ್ಚಗಿನ ಪದರ ಸದ್ದನ್ನು ನೆಲದ ಕಡೆಗೆ ಬಾಗಿಸುತ್ತದೆ. ವಾಹನದ ಸದ್ದಿನಿಂದ ದೂರ ಅಳೆಯುವ ಅಭ್ಯಾಸವಿದ್ದವರು ಇದನ್ನು ನೆನಪಿಡಬೇಕು. ಸೂರ್ಯ ಮುಳುಗಿದ ಹತ್ತು ಹದಿನೈದು ನಿಮಿಷಕ್ಕೆ ಒಮ್ಮೆ ಬೆನ್ನು ತಿರುಗಿಸಿ ಪೂರ್ವಕ್ಕೆ ನೋಡಿ. ದಿಗಂತಕ್ಕಂಟಿ ಬೂದುನೀಲಿ ಪಟ್ಟಿ, ಅದರ ಮೇಲೆ ನಸುಗೆಂಪು ಪಟ್ಟಿ. ಕೆಳಗಿನದು ಭೂಮಿಯ ನೆರಳು. ಅದು ಮೇಲೇರುತ್ತಾ ಕೆಂಪು ಕರಗಿಹೋದಾಗ ದೀಪ ಹೊರತೆಗೆಯುವ ಹೊತ್ತು.

ದೀಪವನ್ನು ಹಣೆಗೆ ಕಟ್ಟಿದರೆ ಕೈ ಬಿಡುವಾಗಿರುತ್ತದೆ, ಆದರೆ ಬೆಳಕು ಕಣ್ಣಿನ ಜಾಗದಿಂದಲೇ ಹೊರಡುವುದರಿಂದ ನೆರಳೇ ಬೀಳದೆ ನೆಲವೆಲ್ಲ ಸಪಾಟಾಗಿ ಕಾಣುತ್ತದೆ. ಅದನ್ನೇ ಸೊಂಟದ ಮಟ್ಟಕ್ಕೆ ಹಿಡಿದರೆ ಪ್ರತಿ ಉಬ್ಬಿಗೂ ನೆರಳು ಮೂಡುತ್ತದೆ, ಗಡ್ಡೆ ಮಾತ್ರ ನೆರಳಿಲ್ಲದೆ ಬರಿದಾಗಿ ಎದ್ದು ಕಾಣುತ್ತದೆ. ಉಸಿರಿನ ಆವಿಯೂ ಹಣೆಯ ದೀಪಕ್ಕೆ ಸಿಕ್ಕಿ ಕಣ್ಣೆದುರು ಬಿಳಿ ಪರದೆ ಕಟ್ಟುತ್ತದೆ. ನಾನು ಲ್ಯಾಂಪನ್ನು ಚೀಲದ ಸೊಂಟಪಟ್ಟಿಗೆ ಸಿಕ್ಕಿಸುತ್ತೇನೆ. ಬೆಳಕು ಕಡಿಮೆಯಲ್ಲಿರಲಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಂದು ಪ್ರಖರ ಬೆಳಕು ಸಾಕು ಅದು ಕೆಡಲು. ರಸ್ತೆ ದಾಟುವ ದಾರಿಯಾದರೆ ಹರಡಿಗೆ ಪ್ರತಿಫಲಿಸುವ ಪಟ್ಟಿ ಕಟ್ಟಿಕೊಳ್ಳಿ. ಎದೆಯ ಮೇಲಿನದಕ್ಕಿಂತ ಮೇಲೆ ಕೆಳಗೆ ಆಡುವ ಕಾಲಿನ ಪಟ್ಟಿಯನ್ನು ಚಾಲಕರು ಬೇಗ ಮನುಷ್ಯ ಎಂದು ಗುರುತಿಸುತ್ತಾರೆ.

ಕನ್ನಡಕದವರಿಗೆ: ಮೂಗಿನ ಮೇಲೆ ಮಫ್ಲರ್ ಸುತ್ತಿದರೆ ಉಸಿರೆಲ್ಲ ಗಾಜಿಗೆ. ಬಾಯಿಯನ್ನಷ್ಟೇ ಮುಚ್ಚಿ, ಮೂಗು ಹೊರಗಿರಲಿ, ಮೂಗಿನಿಂದಲೇ ಉಸಿರಾಡಿ. ತಣ್ಣನೆಯ ಒಣ ಗಾಳಿ ಆಸ್ತಮಾ ಕೆರಳಿಸುತ್ತದೆ. ಅಂಥವರು ಏರಿನಲ್ಲಿ ಮಾತು ನಿಲ್ಲುವಷ್ಟು ವೇಗ ಮಾಡಬಾರದು, ಇನ್‌ಹೇಲರ್ ಒಳಜೇಬಿನಲ್ಲಿರಬೇಕು.

ಮನೆ ಸೇರಿದ ಮೇಲೆ ಮರಗಟ್ಟಿದ ಬೆರಳನ್ನು ಹೀಟರಿಗೋ ಬೆಂಕಿಗೋ ಹಿಡಿಯಬೇಡಿ. ಸ್ಪರ್ಶ ಗೊತ್ತಾಗದ ಚರ್ಮ ಸುಡುವುದೂ ಗೊತ್ತಾಗುವುದಿಲ್ಲ, ತಟ್ಟನೆ ಬಿಸಿಯಾದರೆ ಬೆರಳು ಕೆಂಪಾಗಿ ಊದಿ ತುರಿಸುತ್ತದೆ. ಕಂಕುಳಲ್ಲಿ ಇಟ್ಟುಕೊಂಡರೆ ಸಾಕು. ರಕ್ತ ಮರಳುವಾಗ ಚುಚ್ಚಿದಂತಾಗುತ್ತದೆ, ಅದು ಒಳ್ಳೆಯ ಲಕ್ಷಣ. ಚರ್ಮ ಮೇಣದಂತೆ ಬಿಳಿಚಿ ಗಟ್ಟಿಯಾಗಿದ್ದು ಹಾಗೇ ಉಳಿದರೆ ಉಜ್ಜದೆ ವೈದ್ಯರಲ್ಲಿಗೆ ಹೋಗಬೇಕು.

ಫೋನು, ಕ್ಯಾಮೆರಾ ಎರಡನ್ನೂ ಹೊರಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಮುಚ್ಚಿ ಒಳಗೆ ತಂದರೆ ತೇವ ಚೀಲದ ಹೊರಗೆ ಕೂರುತ್ತದೆ, ಲೆನ್ಸಿನ ಮೇಲಲ್ಲ. ಅವು ಕೋಣೆಯ ಉಷ್ಣತೆಗೆ ಬರುವವರೆಗೆ ಚಾರ್ಜಿಗೆ ಹಾಕಬೇಡಿ. ಸೊನ್ನೆಗಿಂತ ತಣ್ಣಗಿರುವ ಲಿಥಿಯಂ ಬ್ಯಾಟರಿಗೆ ಚಾರ್ಜ್ ಕೊಟ್ಟರೆ ಒಳಗೆ ಲೋಹದ ಪದರ ಕೂತು ಶಾಶ್ವತವಾಗಿ ಕೆಡುತ್ತದೆ. ಮುಳ್ಳುಪಟ್ಟಿಯನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿ ನೇತುಹಾಕಿ, ರಸ್ತೆಯ ಉಪ್ಪು ಉಳಿದರೆ ತುಕ್ಕು. ಬೂಟಿನ ಲೇಸ್ ಪೂರ್ತಿ ಸಡಿಲಿಸಿ, ಒಳಹಾಸು ಹೊರತೆಗೆದು, ಹಳೆ ಪತ್ರಿಕೆ ಉಂಡೆ ಮಾಡಿ ತುರುಕಿ. ಒಂದು ಗಂಟೆಗೆ ಆ ಕಾಗದ ಒದ್ದೆಯಾಗಿರುತ್ತದೆ, ಬದಲಾಯಿಸಿ. ಮಲಗುವ ಮುನ್ನ ಇನ್ನೊಮ್ಮೆ. ಒಲೆಯ ಪಕ್ಕದಲ್ಲಿಟ್ಟರೆ ಬೇಗ ಒಣಗುತ್ತದೆ ನಿಜ, ಅಟ್ಟೆಯ ಅಂಟೂ ಅಷ್ಟೇ ಬೇಗ ಬಿಡುತ್ತದೆ. ನಾಳೆ ಸಂಜೆಗೆ ಬೇಕಾದ ಒಣ ಒಳಂಗಿಯನ್ನು ಈಗಲೇ ಬಾಗಿಲ ಪಕ್ಕದ ಗೂಟಕ್ಕೆ ಹಾಕಿಡಿ, ಮೂರೂವರೆಗೆ ಅದನ್ನು ಹುಡುಕುವಷ್ಟು ಸಮಯ ಇರುವುದಿಲ್ಲ.